ಐದನೇ ಗೂಡಿನ ಕಾಗದ



ನನ್ನ ಚಿಕ್ಕಮ್ಮ ನಮ್ಮ ಶಾಲೆಯಲ್ಲೇ ಕಂಪ್ಯೂಟರ್ ಟೀಚರ್ ಆಗಿದ್ದಳು. ಆರು ವರ್ಷದಿಂದ ತಾತ್ಕಾಲಿಕ ಕೆಲಸ. ಬ್ಯಾಗಿನಲ್ಲಿ ಸದಾ ಸ್ಕ್ರೂಡ್ರೈವರ್ ಇರುತ್ತಿದ್ದುದರಿಂದ ಹುಡುಗರು ಅವಳನ್ನು ಸ್ಕ್ರೂ ಮಿಸ್ ಎನ್ನುತ್ತಿದ್ದರು. ಕೆಟ್ಟ ಮೆಷಿನ್ ಕಂಡರೆ ಬಿಚ್ಚದೆ ಬಿಡುವವಳಲ್ಲ. ನಮ್ಮ ಇಸ್ತ್ರಿಪೆಟ್ಟಿಗೆಗೂ ಆ ಗತಿ ಬಂದಿತ್ತು.

ಅವತ್ತು ಹೆಡ್‌ಮಾಸ್ಟರ್ ಅವಳ ಪಾಠ ನೋಡಲು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಪಾಠ ಹಿಡಿಸಿದರೆ ಕೆಲಸ ಖಾಯಂ ಎಂದು ಅವರೇ ಹೇಳಿದ್ದರು.

ಪಾಠ ಸಿಪಿಯು ಬಗ್ಗೆ, ಅಂದರೆ ಕಂಪ್ಯೂಟರಿನೊಳಗೆ ಆಜ್ಞೆಗಳನ್ನು ಒಂದೊಂದಾಗಿ ನಡೆಸುವ ಭಾಗದ ಬಗ್ಗೆ. ಚಿಕ್ಕಮ್ಮ ಸ್ಟಾಫ್ ರೂಮಿನ ಮರದ ಗೂಡುಗಳ ಪೆಟ್ಟಿಗೆಯನ್ನೇ ತರಗತಿಗೆ ಹೊರಿಸಿಕೊಂಡು ಬಂದಿದ್ದಳು. ಒಬ್ಬೊಬ್ಬರಿಗೆ ಬರುವ ಕಾಗದ ಹಾಕಲು ನಂಬರು ಬರೆದ ಸಣ್ಣ ಸಣ್ಣ ಗೂಡುಗಳು. ಮೊದಲ ನಾಲ್ಕನ್ನು ಖಾಲಿ ಮಾಡಿ ತನ್ನ ಚೀಟಿಗಳನ್ನು ಇಟ್ಟಳು.

"ಇದು ಮೆಮೊರಿ. ನೀವು ಮೂರು ಜನ ಸೇರಿ ಸಿಪಿಯು," ಎಂದು ನಮ್ಮನ್ನು ನಿಲ್ಲಿಸಿದಳು. ಎರಡು ಜಡೆಯ ಹುಡುಗಿ ಗೂಡಿನಿಂದ ಚೀಟಿ ತಂದು ಓದಬೇಕು. ಉದ್ದನೆಯ ಹುಡುಗ ಅದರಂತೆ ಬೋರ್ಡಿನ ಎರಡು ಚೌಕಗಳಲ್ಲಿ ಬರೆಯಬೇಕು. ನಾನು ಗಡಿಯಾರ. ನಾನು ಚಪ್ಪಾಳೆ ತಟ್ಟಿದರೆ ಮಾತ್ರ ಒಂದು ಹೆಜ್ಜೆ.

"ಸ್ವಂತ ಬುದ್ಧಿ ಓಡಿಸಬೇಡಿ. ಸಿಪಿಯುಗೆ ಬುದ್ಧಿ ಇಲ್ಲ, ವೇಗ ಅಷ್ಟೇ. ಒಂದು ಚೀಟಿ ಮುಗೀತಾ, ಮುಂದಿನ ಗೂಡು."

"ನಮ್ಮಣ್ಣನ ಥರ ಮಿಸ್," ಎಂದ ಉದ್ದನೆಯವನು. "ಅವನಿಗೆ ವೇಗಾನೂ ಇಲ್ಲ."

ಹೆಡ್‌ಮಾಸ್ಟರೂ ನಕ್ಕರು.

ತಟ್ಟಿದೆ. "ಎಡಗಡೆ ಏಳು ಬರಿ." ತಟ್ಟಿದೆ. "ಬಲಗಡೆ ಐದು ಬರಿ." ತಟ್ಟಿದೆ. "ಎರಡನ್ನೂ ಕೂಡಿಸಿ ಎಡಗಡೆ ಬರಿ." ತಟ್ಟಿದೆ. "ಎಡಗಡೆ ಇರೋದನ್ನ ಜೋರಾಗಿ ಹೇಳು."

"ಹನ್ನೆರಡು," ಎಂದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ 'ನಿಲ್ಲು' ಎಂಬ ಚೀಟಿ ಬರೆಯುವುದನ್ನೇ ಚಿಕ್ಕಮ್ಮ ಮರೆತಿದ್ದಳು. ನಿಲ್ಲು ಅನ್ನದಿದ್ದರೆ ಸಿಪಿಯು ನಿಲ್ಲುವುದಿಲ್ಲ. ಮುಂದಿನ ಗೂಡಿನಲ್ಲಿ ಏನಿದ್ದರೂ ಅದನ್ನೇ ಆಜ್ಞೆ ಎಂದುಕೊಳ್ಳುತ್ತದೆ. ನಾನೂ ಸುಮ್ಮನೆ ತಟ್ಟಿಬಿಟ್ಟೆ. ಐದನೆಯದು ಗುಮಾಸ್ತರ ಗೂಡು. ಹುಡುಗಿ ಅದರೊಳಗಿದ್ದ ಕಾಗದ ತೆಗೆದು ಗಂಟಲೆತ್ತಿ ಓದಿದಳು.

"ಇದನ್ನು ಟೈಪ್ ಮಾಡಿ. ಕಂಪ್ಯೂಟರ್ ಶಿಕ್ಷಕಿಯನ್ನು ಮುಂದಿನ ತಿಂಗಳಿನಿಂದ ಮುಂದುವರಿಸುವುದಿಲ್ಲ. ಹೊಸಬರು ಒಂದನೇ ತಾರೀಕು ಬರುತ್ತಾರೆ. ಇಂತಿ, ಹೆಡ್‌ಮಾಸ್ಟರ್."

ಕೆಳಗಿನ ತಾರೀಕನ್ನೂ ಬಿಡಲಿಲ್ಲ. ಮೂರು ದಿನ ಹಿಂದಿನದು.

ನನ್ನ ಕೈ ಗಾಳಿಯಲ್ಲೇ ನಿಂತಿತು. ಚಿಕ್ಕಮ್ಮ ಬಿಟ್ಟ ಕಣ್ಣು ಬಿಟ್ಟಂತೆ ಆ ಹುಡುಗಿಯನ್ನೇ ನೋಡುತ್ತಿದ್ದಳು. ಹೆಡ್‌ಮಾಸ್ಟರ್ ಹಿಂದಿನ ಸಾಲಿನಿಂದಲೇ ಕೈ ಚಾಚಿದರು.

"ಮಿಸ್, ಇದು ಕೂಡಿಸೋದಾ, ಕಳೆಯೋದಾ?" ಎಂದು ಉದ್ದನೆಯವನು ಸೀಮೆಸುಣ್ಣ ಹಿಡಿದು ಕೇಳಿದ. ಪಾಪ, ಅವನಿನ್ನೂ ಬುದ್ಧಿ ಓಡಿಸದೆ ನಿಂತಿದ್ದ.

"ಆ ಕಾಗದ ಇಲ್ಲಿ ಕೊಡಮ್ಮ," ಎಂದರು ಹೆಡ್‌ಮಾಸ್ಟರ್.

"ಇವಳು ತಟ್ಟಿಲ್ಲ ಸರ್," ಎಂದು ಹುಡುಗಿ ನನ್ನ ಕಡೆ ತೋರಿಸಿದಳು. ಯಾರೂ ನಗಲಿಲ್ಲ.

ಚಿಕ್ಕಮ್ಮ ಕಾಗದ ಇಸಿದುಕೊಂಡು ತಾನೂ ಒಮ್ಮೆ ಓದಿದಳು. "ತೀರ್ಮಾನ ಆಗೇ ಹೋಗಿದ್ರೆ, ಇವತ್ತು ಏನು ನೋಡೋಕೆ ಬಂದ್ರಿ ಸರ್?"

"ಸಂಜೆ ಆಫೀಸಿಗೆ ಬನ್ನಿ, ಮಾತಾಡೋಣ."

"ಮಾತಾಡೋಕೆ ಏನುಳೀತು ಸರ್? ನಲವತ್ತು ಮಕ್ಕಳು ಕೇಳಿಸ್ಕೊಂಡಾಯ್ತು."

ಅವರು ಕುರ್ಚಿಯಿಂದ ಎದ್ದರು, ಎಲ್ಲಿ ಹೋಗುವುದೆಂದು ತಿಳಿಯದೆ ಮತ್ತೆ ಕೂತರು.

ಚಿಕ್ಕಮ್ಮ ಬೋರ್ಡ್ ಒರೆಸಿದಳು. "ಒಂದನೇ ತಾರೀಕಿಗೆ ಇನ್ನೂ ಎಂಟು ದಿನ ಇದೆ. ಅಷ್ಟರಲ್ಲಿ ಇವರಿಗೆ ಗುಣಾಕಾರ ಹೇಳಿಕೊಟ್ಟೇ ಹೋಗ್ತೀನಿ. ನೋಡ್ರೋ, ಮೂರನ್ನ ನಾಲ್ಕು ಸಲ ಕೂಡಿಸಬೇಕು, ಅಷ್ಟೇ."

ಬರೆಯುವಾಗ ಸೀಮೆಸುಣ್ಣ ಅವಳ ಕೈಯಲ್ಲಿ ಎರಡು ಸಲ ಮುರಿಯಿತು.