ಸಮ್ ಸಿಗದ ಕ್ಯಾಸೆಟ್

ನನ್ನ ಮದುವೆ ಗೊತ್ತಾಗಿತ್ತು. ಅಪ್ಪ ಮಾತ್ರ ಸ್ವಂತ ತಮ್ಮನನ್ನು ಕರೆಯುವುದಿಲ್ಲ ಎಂದು ಹಟ ಹಿಡಿದಿದ್ದರು. ನಮ್ಮ ಹಳ್ಳಿ ಬೀಡಿಯಲ್ಲಿನ ಹೊಲದ ಒಡ್ಡಿನ ಜಗಳದಿಂದ ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು. ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ ಕಾಕಾ ಅಕ್ಷತೆ ಹಾಕದ ಮದುವೆ ನನಗೆ ಬೇಕಿರಲಿಲ್ಲ. ಅಪ್ಪನಿಗೆ ಹಾಗೇ ಹೇಳಿದೆ. ಅವರು ಪೇಪರಿನ ಪುಟ ತಿರುಗಿಸಿದರು.

ಆಗ ನಾನು ಖಾನಾಪುರದಿಂದ ಬೆಳಗಾವಿಗೆ ರೈಲಿನಲ್ಲಿ ನೌಕರಿಗೆ ಹೋಗಿ ಬರುತ್ತಿದ್ದೆ. ಅಲ್ಲಿನ ಕ್ಯಾಂಪ್ ಪ್ರದೇಶದ ಅಂಗಡಿಯೊಂದರಲ್ಲಿ ಜಾಝ್ ಕ್ಯಾಸೆಟ್ ಒಂದನ್ನು ಕೊಂಡಿದ್ದೆ. ಅದರಲ್ಲಿ ಯಜಮಾನಿಕೆ ವೈಬ್ರಾಫೋನಿನದು: ಸಾಲಾಗಿ ಜೋಡಿಸಿದ ಲೋಹದ ಪಟ್ಟಿಗಳು, ಬಾರಿಸುವವನ ಎರಡು ಕೈಯಲ್ಲಿ ನಾಲ್ಕು ಕೋಲು. ನೀರಿಲ್ಲದ ಜಲತರಂಗ ಅನ್ನಿ. ಹೊಡೆದ ಸ್ವರ ಬೇಗ ಸಾಯದೆ ನಡುಗುತ್ತ ನಿಲ್ಲುತ್ತಿತ್ತು. ಅದರ ಕೆಳಗೆ ಗಿಟಾರು, ಡ್ರಮ್ಮು ತಮ್ಮ ತಮ್ಮ ದಾರಿ ಹಿಡಿಯುತ್ತಿದ್ದವು. ತಾಳ ಎಲ್ಲಿ ಬದಲಾಯಿತೆಂದು ತಿಳಿಯುವಷ್ಟರಲ್ಲಿ ಮತ್ತೆ ಬದಲಾಗಿರುತ್ತಿತ್ತು. ನನಗೆ ಅದರ ಹುಚ್ಚು ಹಿಡಿದಿತ್ತು. ಅಪ್ಪ "ಅಡಿಗಿಮನ್ಯಾಗ ಭಾಂಡೆ ತಿಕ್ಕೂ ಸಪ್ಪಳ" ಎಂದಿದ್ದರು.

ಒಂದು ದಿನ ಸಂತೆಗೆ ಬಂದ ಕಾಕಾ ನನ್ನನ್ನು ನೋಡಿ ಹೋಗಲೆಂದು ಮನೆಗೆ ಬಂದರು. ಕ್ಯಾಸೆಟ್ ಓಡುತ್ತಿತ್ತು. "ಭಾಳ ಹೊತ್ತ ಕುಂದರೂದಿಲ್ಲವ್ವಾ, ಚಾ ಕುಡದ ಹೋಗತೇನಿ" ಎಂದು ಕುರ್ಚಿಯ ತುದಿಯಲ್ಲಿ ಕೂತರು. ಅಪ್ಪ ಗೋಡೆ ನೋಡಿದರು.

ಭಜನೆಯಲ್ಲಿ ತಬಲಾ ಬಾರಿಸುತ್ತಿದ್ದ ನಮ್ಮ ಅಜ್ಜ ಮಕ್ಕಳಿಬ್ಬರಿಗೂ ಒಂದು ಕಟ್ಟಳೆ ಹಾಕಿದ್ದರು. ಸಂಗೀತದ ನಡುವೆ ಏಳಬಾರದು. ತಾಳ ಒಂದು ಸುತ್ತು ಮುಗಿಸಿ ಮತ್ತೆ ಮೊದಲ ಪೆಟ್ಟಿಗೆ, ಅಂದರೆ ಸಮ್ಮಿಗೆ, ಬಂದಾಗಲೇ ಏಳಬೇಕು. ಚಹಾ ಮುಗಿಸಿದ ಕಾಕಾ ತೊಡೆಯ ಮೇಲೆ ತಾಳ ಎಣಿಸತೊಡಗಿದರು. ಏಳಲು ಹೋದರು, ಮತ್ತೆ ಕೂತರು. ಅತ್ತ ಅಪ್ಪನ ಬೆರಳೂ ಆಡುತ್ತಿತ್ತು.

"ತಾಳಕ್ಕ ಏಳ ಮಾತ್ರಿ ಐತಿ," ಎಂದರು ಕಾಕಾ, ನನಗೆ.

"ಹನ್ನೊಂದು," ಎಂದರು ಅಪ್ಪ, ಗೋಡೆಗೆ.

"ಹನ್ನೊಂದ ಹೆಂಗ ಆಗತೈತಿ ಅಣ್ಣಾ? ಮತ್ತೊಮ್ಮಿ ಎಣಸು."

ಅಪ್ಪ ಎಣಿಸಿದರು. ಈ ಸಲ ಒಂಬತ್ತೂವರೆ ಬಂತು. ಅರ್ಧ ಯಾರದೆಂದು ವಾದ ಹತ್ತಿತು. ಕ್ಯಾಸೆಟ್ಟಿನ ಒಂದು ಬದಿ ಮುಗಿಯಿತು. ಕಾಕಾ ಏಳುವ ಮೊದಲೇ ನಾನು ಹೊರಳಿಸಿ ಹಾಕಿದೆ. ಕಾಕಾ ಹಿಡಿಯಬೇಕಿದ್ದ ಬೀಡಿಯ ಬಸ್ಸು ಹೋಯಿತು. ಯಾರೂ ಅದರ ಸುದ್ದಿ ಎತ್ತಲಿಲ್ಲ.

ಎರಡನೆಯ ಬದಿಯ ನಡುವೆ, ಸಮ್ಮಿನ ಸುಳಿವೇ ಇಲ್ಲದಾಗ, ಅಪ್ಪ ಎಣಿಸುವುದನ್ನು ಬಿಟ್ಟು ತಮ್ಮನ ಕಡೆ ತಿರುಗಿದರು.

"ಲಗ್ನಕ್ಕ ನಾಕ ದಿನಾ ಮದಲ ಬಾ. ಹಂದರಾ ಹಾಕ್ಸೂದೈತಿ."

"ಹೂಂ," ಎಂದರು ಕಾಕಾ, ತೊಡೆಯ ಮೇಲಿನ ಕೈ ನಿಲ್ಲಿಸದೆ.

ನಾನು ಕಪ್ಪುಗಳನ್ನು ಒಳಗೆ ಒಯ್ದು, ನಳ ಬಿಟ್ಟುಕೊಂಡು ಅತ್ತುಬಿಟ್ಟೆ.