ಮೋಡದಲ್ಲಿ ಟವಲು ಹಿಡಿಯೋರು ಯಾರು?

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವನು ನನ್ನ ಸೋದರಮಾವ. ಗುಂಡ್ಲುಪೇಟೆಯ ಅವನ ಮನೆಯಲ್ಲೇ ನಾನೂ ಅವ್ವನೂ ಇದ್ದದ್ದು. ಮಾವ ಬಸ್ ಡ್ರೈವರು. ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋಗುವ ಅವನ ಬಸ್ಸಿನಲ್ಲಿ, ಎಂಜಿನ್ನಿನ ಬಿಸಿಗೆ ತೊಡೆ ಕಾಯಿಸಿಕೊಳ್ಳುತ್ತ ಹೋಗಿ ಬಂದು ನಾನು ಹೈಸ್ಕೂಲು ಮುಗಿಸಿದೆ. ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಓದಿದವರೇ ಇರಲಿಲ್ಲ.

ಐವತ್ತರ ದಶಕದ ಮೊದಲ ವರ್ಷಗಳು. ಮೈಸೂರಿನಲ್ಲಿ ಇಂಟರ್‌ಮೀಡಿಯಟ್ ಪಾಸು ಮಾಡಿ ಬಂದವನು, ಹಿತ್ತಿಲಲ್ಲಿ ಕೈಯ ಗ್ರೀಸು ತಿಕ್ಕುತ್ತಿದ್ದ ಮಾವನ ಮುಂದೆ ನಿಂತು, ಪೈಲಟ್ ಆಗುತ್ತೇನೆ ಎಂದೆ.

“ಏನಾಯ್ತಿಯಾ?”

“ಪೈಲಟ್ ಮಾವ. ಜನಾನ ಕೂರುಸ್ಕಂಡೋಗೊ ಇಮಾನ ಓಡ್ಸೋದು.”

“ಆಗಕ್ಕಿಲ್ಲ ಬುಡ್ಲಾ! ಸೈಕಲ್ ಅತ್ಕಂಡು ಅಂಗಡಿಗೋಗು ಅಂದ್ರೆ ಬಿದ್ದು ಮಂಡಿ ಕೆತ್ತಿಸ್ಕಂಡು ಬತ್ತಿಯಾ.”

“ಬೀಳೋ ಮಾತಾಡ್ಬ್ಯಾಡ ಕಣಣ್ಣ!” ಎಂದು ಒಳಗಿಂದ ಅವ್ವ ಕೂಗಿದಳು.

ನನ್ನ ಮುಂದೆ ಎರಡು ದಾರಿ ಇದ್ದವು. ಇಂಟರ್ ಆದವರು ನೇರವಾಗಿ ಬೆಂಗಳೂರಿನ ವಿಮಾನ ಶಾಲೆಗೆ ಸೇರಬಹುದಿತ್ತು. ಇಲ್ಲವೇ ಭೌತಶಾಸ್ತ್ರ, ಗಣಿತ ಹಿಡಿದು ಬಿ.ಎಸ್ಸಿ. ಮುಗಿಸಿಕೊಂಡು ಹೋಗಬಹುದಿತ್ತು. ಬಿ.ಎಸ್ಸಿ.ಯೇ ಮೇಲು ಎಂದು ಕಾಲೇಜಿನ ಮೇಷ್ಟರು ಹೇಳಿದ್ದರು. ನನಗೋ ಅವಸರ. ನೇರ ದಾರಿಯೇ ಆಗಲಿ ಎಂದುಕೊಂಡೆ.

ಮಾವ ಮೂರನೆಯ ದಾರಿಯೊಂದನ್ನು ತೆಗೆದ. ಅವನ ಕಸುಬಿನಲ್ಲಿ ಎಲ್ಲರೂ ಕ್ಲೀನರಾಗಿ ಬಸ್ಸು ತೊಳೆದೇ ಸ್ಟಿಯರಿಂಗ್ ಮುಟ್ಟಿದವರು. ವಿಮಾನಕ್ಕೂ ಅದೇ ಕ್ರಮ ಎಂದು ಅವನು ನಂಬಿದ್ದ. “ಮೊದ್ಲು ನನ್ ತಾವ ಕ್ಲೀನರಾಗು. ಬಸ್ಸು ಕೈಗೆ ಬರ್ಲಿ. ಆಮ್ಯಾಕೆ ಇಮಾನ ನೋಡನ,” ಎಂದ. ತಮಾಷೆಗಲ್ಲ, ನಿಜವಾಗಿಯೇ. ಎದುರು ಮಾತಾಡುವ ಧೈರ್ಯ ನನಗಿರಲಿಲ್ಲ. ಬಕೆಟ್ಟು ಹಿಡಿದೆ.

ಆ ಜೂನ್‌ನಲ್ಲಿ ಅವನನ್ನು ಊಟಿ ಬಸ್ಸಿಗೆ ಹಾಕಿದ್ದರು. ಒಂದು ಬೆಳಗ್ಗೆ ಬಂಡೀಪುರ ದಾಟಿದ ಮೇಲೆ ಮಂಜು ಕವಿದು ಬಸ್ಸಿನ ಮೂತಿಯೇ ಕಾಣದಾಯಿತು. ಹಾಗಾದಾಗ ಕ್ಲೀನರು ಇಳಿದು, ಬಿಳಿ ಟವಲು ಬೆನ್ನ ಹಿಂದೆ ಹಿಡಿದು ರಸ್ತೆಯ ನಡುವೆ ನಡೆಯುತ್ತಿದ್ದ. ಡ್ರೈವರು ಆ ಟವಲು ನೋಡಿಕೊಂಡು ಬಸ್ಸು ನಡೆಸುತ್ತಿದ್ದ. ನಾನು ಇಳಿದು ನಡೆದೆ. ಆನೆ ಎದುರಾದರೆ ಯಾವ ಕಡೆ ಓಡುವುದು ಎಂಬುದೊಂದೇ ಯೋಚನೆ. ಮಂಜು ತಿಳಿಯಾದ ಮೇಲೆ ಹತ್ತಿ ಕೂತೆ.

ಗೇರು ಬದಲಿಸುತ್ತ ಮಾವ ಕೇಳಿದ: “ಅಲ್ಕಣ್ಲಾ, ಮೋಡದೊಳಗೆ ನಿಂಗೆ ಯಾವನ್ಲಾ ಟವಲು ಇಡ್ಕಂಡು ನಡೀತಾನೆ?”

“ಯಾರೂ ಇಲ್ಲ ಮಾವ. ದಿಕ್ಕು ತೋರ್ಸೊ ಮುಳ್ಳಿರ್ತದೆ. ಗಾಳಿ ಎತ್ತ ತಳ್ತದೆ, ಎಷ್ಟು ಬಿರುಸು ಅಂತ ಲೆಕ್ಕ ಆಕ್ಕಬೇಕು.”

“ಆ ಲೆಕ್ಕ ನಿಂಗೆ ಬತ್ತದಾ?”

“ಪೂರಾ ಬರಕ್ಕಿಲ್ಲ. ಬಿ.ಎಸ್ಸಿ.ಲಿ ಚೆಂದಾಗಿ ಕಲಿಬೈದು ಅಂದ್ರು ಮೇಷ್ಟ್ರು.”

“ಇಂದೆ ತಿರುಗಿ ನೋಡು.”

ನೋಡಿದೆ. ಇಡೀ ಬಸ್ಸು ನಿದ್ದೆಯಲ್ಲಿತ್ತು. ಒಬ್ಬ ಮುದುಕಿ ಎಲೆಅಡಿಕೆ ಚೀಲವನ್ನು ಎದೆಗವಚಿಕೊಂಡು ಬಾಯಿ ತೆರೆದು ಮಲಗಿದ್ದಳು.

“ನನ್ ನಂಬ್ಕಂಡು ಮಲ್ಗವ್ರೆ. ನಾಳೆ ನಿನ್ ನಂಬ್ಕಂಡು ಮಲಗ್ತಾರೆ. ಅರ್ಧಂಬರ್ಧ ಕಲ್ತು ಜನಾನ ಅತ್ತುಸ್ಕಬ್ಯಾಡ ಕಣ್ಲಾ. ನಾಳಿಂದ ಬಸ್ಸು ತೊಳೆಯೋದು ಬುಡು. ಆ ಬಿ.ಎಸ್ಸಿ.ಗೆ ಓಗು.”

ಆಗುವುದಿಲ್ಲ ಎಂದಿದ್ದವನೇ ದಾರಿ ಆರಿಸಿಕೊಟ್ಟ. ಕಷ್ಟಪಟ್ಟೇ ಓದಿದೆ, ಗಣಿತ ನನಗೆ ಸುಲಭವಾಗಿ ಒಲಿದದ್ದಲ್ಲ. ನಮ್ಮ ವಂಶದ ಮೊದಲ ಪದವೀಧರ ನಾನು. ಇದನ್ನು ಇವತ್ತಿಗೂ ಸಂಕೋಚವಿಲ್ಲದೆ ಹೇಳುತ್ತೇನೆ. ಆಮೇಲೆ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಬೆಂಗಳೂರಿನ ವಿಮಾನ ಶಾಲೆ ಸೇರಿದೆ.

ಮೊದಲ ಬಾರಿ ಒಬ್ಬನೇ ಹಾರುವ ದಿನ ಮಾವ ಚೀಲ ಹಿಡಿದು ಬಂದ. ಚೀಲದಲ್ಲಿ ನಿಂಬೆಹಣ್ಣು. ಹೊಸ ಗಾಡಿಯನ್ನು ನಿಂಬೆಹಣ್ಣಿನ ಮೇಲೆ ಹತ್ತಿಸದೆ ಅವನು ಎಂದೂ ಹೊರಡಿಸಿದವನಲ್ಲ. ವಿಮಾನದ ಸುತ್ತ ಬಂದವನು ಪೇಚಿಗೆ ಬಿದ್ದ.

“ಇದೇನ್ಲಾ, ನಾಕು ತಂದಿವ್ನಿ, ಎಲ್ಡೇ ಚಕ್ರ ಅವೆ!”

ಬಾಲದ ಕೆಳಗೆ ನೆಲಕ್ಕೂರುವ ಕೋಲು ತೋರಿಸಿದೆ. ಮೂರನೆಯದನ್ನು ಅಲ್ಲಿಟ್ಟು, ನಾಲ್ಕನೆಯದನ್ನು ನನ್ನ ಜೇಬಿಗೆ ತುರುಕಿದ. ನನಗೆ ಹಾರುವುದನ್ನು ಕಲಿಸಿದ ಅಧಿಕಾರಿ ನಕ್ಕು ಮುಖ ತಿರುಗಿಸಿದರು. ಮೇಲೆ ಹೋಗಿ, ಒಂದು ಸುತ್ತು ಹಾಕಿ, ಇಳಿದೆ. ಜೇಬಿನ ಹಣ್ಣು ಅಪ್ಪಚ್ಚಿಯಾಗಿ ಅಂಗಿಯೆಲ್ಲ ಹುಳಿ ನಾರುತ್ತಿತ್ತು.

ದಿಕ್ಕು, ಹವೆ, ರೇಡಿಯೋ ಎಂದು ಪರೀಕ್ಷೆಗಳೆಲ್ಲ ಮುಗಿದು ಪ್ರಯಾಣಿಕರ ವಿಮಾನಕ್ಕೆ ಬೇಕಾದ ಲೈಸೆನ್ಸು ಬಂದಾಗಲೂ ಮಾವ ಜೊತೆಗಿದ್ದ, ಒಗೆದ ಖಾಕಿ ಅಂಗಿಯಲ್ಲಿ. ಶಾಲೆಯ ಆಫೀಸಿನಲ್ಲಿ ಅದೇ ಅಧಿಕಾರಿ ಅದನ್ನು ನನ್ನ ಕೈಗಿತ್ತರು. ನಾನು ಮಾವನ ಕೈಗಿಟ್ಟೆ. ಅವನು ಜೇಬಿನಿಂದ ತನ್ನ ಡ್ರೈವರ್ ಲೈಸೆನ್ಸು ತೆಗೆದು, ಎರಡನ್ನೂ ಅಂಗೈ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ತುಂಬ ಹೊತ್ತು ನೋಡಿದ.

“ಇಮಾನಕ್ಕೆ ಆರ್ನ್ ಅದಾ?”

“ಇಲ್ಲ ಮಾವ.”

“ಆರ್ನೇ ಇಲ್ವಾ! ಅಂಗಾರೆ ಉಸಾರಾಗಿ ಓಗ್ಬುಟ್ಟು ಬಾ ಕಣಪ್ಪ. ಇಂದೆ ಜನ ಮಲ್ಗಿರ್ತರೆ.”