ಜೋಗುಳ ನಿಲ್ಲಿಸಿದ ಮಾರ್ಲಿಸ್

ಸುಪೀರಿಯರ್ ಸರೋವರದ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಅಮೆರಿಕದ ಡುಲೂತ್ ನಗರದ ಆಸ್ಪತ್ರೆಯೊಂದರ ಮೂಲೆ ಕೋಣೆಯಲ್ಲಿ ಮಾರ್ಲಿಸ್ ಹಕಲಾ ಆಗಲೇ ಕೆಲಸಕ್ಕೆ ನಿಂತಿದ್ದಾರೆ. ಮಕ್ಕಳ ತಲೆಯನ್ನು ಟೇಪಿನಿಂದ ಅಳೆದು, ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿ, ಒಂದೊಂದೇ ವೈರು ಅಂಟಿಸಿ, ಮಿದುಳಿನ ಅಲೆಗಳನ್ನು ಪರದೆಗೆ ತರುವುದು ಇವರ ಕಾಯಕ. ಇಂದು ಮೊದಲು ಬರುವವಳು ಜೂನಿ ಬೋಲ್ಯೂ, ನಾಲ್ಕು ವರ್ಷದ ಪೋರಿ. ನಿಮ್ಮ ಆಸೆಯೇನು ಎಂದು ಈ ಲೇಖನಕ್ಕಾಗಿ ನಾನು ಕೇಳಿದರೆ, ಆಮೇಲೆ ಹೇಳುತ್ತೇನೆಂದು ಮಾರ್ಲಿಸ್ ವೈರು ಬಿಡಿಸುತ್ತಾರೆ.

"ವೈರು ಅಂಟ್ಸೋದನ್ನ ಯಾರು ಬೇಕಾದ್ರೂ ಕಲೀಬಹುದು. ಪರೀಕ್ಷೆಗೆ ಮಗು ನಿದ್ದೆ ಮಾಡ್ಬೇಕು ನೋಡಿ, ಅಳೋ ಮಗೂನ ಮಲಗ್ಸೋದೇ ಕಷ್ಟ," ಎನ್ನುತ್ತಾರೆ. ಗಣಿ ಊರಿನಲ್ಲಿ ಹುಟ್ಟಿದ ಮಾರ್ಲಿಸ್ ಇಲ್ಲಿಗೆ ಬಂದದ್ದು ನೆಲ ಒರೆಸಲು. ಈ ಕೆಲಸ ಕಲಿತದ್ದು ಸಂಜೆಯ ತರಗತಿಗಳಲ್ಲಿ. ಈಗ ದಿನಕ್ಕೆ ಐದಾರು ಮಕ್ಕಳು. ಅಜ್ಜಿ ಕಲಿಸಿದ ಫಿನ್ನಿಶ್ ಭಾಷೆಯ ಜೋಗುಳ ಶುರು ಮಾಡಿದರೆ ಎಂಥ ತುಂಟನೂ ಕಣ್ಣು ಮುಚ್ಚುತ್ತಾನೆ.

ಆ ಜೋಗುಳವೇ ಜೂನಿಯ ಕಾಯಿಲೆಯನ್ನು ಮುಚ್ಚಿಟ್ಟಿತ್ತು.

ಮಗುವಿನ ಎಡಗೈ, ಎಡಗಾಲು ಇದ್ದಕ್ಕಿದ್ದಂತೆ ಜೋತು ಬೀಳುತ್ತಿದ್ದವು. ಮುಂದಿನ ಸಲ ಬಲಭಾಗ. ಮೂರ್ಛೆರೋಗವೆಂದು ಔಷಧಿ ಕೊಟ್ಟರು, ಗುಣ ಕಾಣದಿದ್ದಾಗ ಇನ್ನಷ್ಟು ಕೊಟ್ಟರು. ಮಗು ಮಂಕಾಯಿತೇ ಹೊರತು ಕೈ ಬೀಳುವುದು ನಿಲ್ಲಲಿಲ್ಲ. ತಾಯಿ ರಾಕ್ಸ್ಯಾನ್ ತಾನು ಕೆಲಸ ಮಾಡುವ ಶಾಲೆಯ ಅಡುಗೆಮನೆಯಿಂದ ಓಡೋಡಿ ಮಗುವನ್ನು ತರುವುದು, ಮಾರ್ಲಿಸ್ ಮಲಗಿಸುವುದು, ಎದ್ದ ಜೂನಿ ಕಾರಿಡಾರಿನಲ್ಲಿ ಕುಣಿಯುವುದು, ಇದೇ ಆಯಿತು. ವೈದ್ಯರು ಬರುವ ಹೊತ್ತಿಗೆ ತೋರಿಸಲು ಏನೂ ಉಳಿಯುತ್ತಿರಲಿಲ್ಲ.

"ನಿದ್ದೆ ಮಾಡಿದ್ರೆ ಸರಿಹೋಗತ್ತೆ ಅಂತ ನಾನೇ ಹೇಳ್ತಿದ್ದೆ. ಡಾಕ್ಟ್ರು, ಹಂಗಾದ್ರೆ ಏನೂ ಇಲ್ಲ ಬಿಡಿ, ಅಮ್ಮಂಗೇ ಗಾಬರಿ ಜಾಸ್ತಿ ಅಂತಿದ್ರು," ರಾಕ್ಸ್ಯಾನ್ ಈಗಲೂ ಸಿಡುಕುತ್ತಾರೆ. ಸಿಡುಕಬೇಕಾದದ್ದೇ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಮಾರ್ಲಿಸ್ ಆ ಮಾತನ್ನು ಬೇರೆ ಥರ ಕೇಳಿಸಿಕೊಂಡರು. ನಿದ್ದೆ ಅಳಿಸಿ ಹಾಕುತ್ತದೆ ಎಂದಾದರೆ ನಿದ್ದೆಯನ್ನೇ ತಡೆಯಬೇಕು. ಬಲಗೈ ಜೋತುಬಿದ್ದು ಬಂದಿದ್ದ ಜೂನಿಗೆ ವೈರು ಅಂಟಿಸಿದರು, ಆದರೆ ಹಾಡಲಿಲ್ಲ. ದೀಪಗಳನ್ನೆಲ್ಲ ಹಾಕಿ, ನರರೋಗ ತಜ್ಞೆ ಡಾಕ್ಟರ್ ಹೋದನ್ ಫರಾ ಅವರಿಗೆ ಕರೆ ಮಾಡಿದರು: "ಈಗಲೇ ಬನ್ನಿ. ನೀವು ಬರೋವರ್ಗೂ ಇವಳನ್ನ ಮಲಗೋಕೆ ಬಿಡಲ್ಲ."

ಜೂನಿಯ ರೆಪ್ಪೆ ಮುಚ್ಚುತ್ತಾ ಬಂತು. ಮಾರ್ಲಿಸ್ ಚಪ್ಪಾಳೆ ತಟ್ಟಿದರು, ಬಾತುಕೋಳಿಯಂತೆ ಕೂಗಿದರು, ಅಂಗಾಲಿಗೆ ಕಚಗುಳಿ ಇಟ್ಟರು. ಮಗು ರಚ್ಚೆ ಹಿಡಿಯಿತು. ಬಾಗಿಲಲ್ಲಿ ಇಣುಕಿದ ಸಹೋದ್ಯೋಗಿ ಡೆಬ್ ಕಿಚಾಯಿಸಿದಳು: "ಮಲಗ್ಸೋಕೆ ಸಂಬಳ ತಗೊಂಡು ಅಳಿಸ್ತಾ ಕೂತಿದ್ದೀಯಲ್ಲೇ!"

"ಅಳ್ಲಿ ಬಿಡೇ. ಎಚ್ಚರ ಇದ್ರೆ ಸಾಕು."

ಫರಾ ಬಂದರು. ಜೂನಿಯ ಬಲಗೈ ಎತ್ತಿ ಬಿಟ್ಟರು, ಅದು ಹಾಸಿಗೆಗೆ ಬಿತ್ತು. ಪರದೆಯ ಮೇಲೆ ಮೂರ್ಛೆಯ ಗುರುತೇ ಇಲ್ಲ. "ಈಗ ಹಾಡಿ," ಎಂದರು. ಮಗು ಮಲಗಿ ಎದ್ದಾಗ ಅದೇ ಕೈ ಅಮ್ಮನ ಮಣಿ ಓಲೆಯನ್ನು ಹಿಡಿದೆಳೆಯಿತು. ವೈದ್ಯರು ಅಲ್ಲೇ ಕೂತು ಎರಡನ್ನೂ ಕಣ್ಣಾರೆ ಕಂಡಿದ್ದರು. ಇದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಂದು, ನಿದ್ದೆ ಮಾಡಿದರೆ ಹೋಗುವ, ಮಕ್ಕಳನ್ನು ಕಾಡುವ ಅಪರೂಪದ ಪಾರ್ಶ್ವವಾಯು. ರಕ್ತದ ಜೀನ್ ಪರೀಕ್ಷೆಯೂ ಅದನ್ನೇ ಹೇಳಿತು.

ವಾಸಿ ಮಾಡುವ ಮದ್ದಿಲ್ಲ. ಆದರೆ ಬೇಡದ ಔಷಧಿ ನಿಂತಿದೆ. ಶಾಲೆಯಲ್ಲಿ ಜೂನಿಗೊಂದು ಪುಟ್ಟ ಹಾಸಿಗೆ ಹಾಕಿದ್ದಾರೆ. ಕೈ ಬಿದ್ದರೆ ಗಾಬರಿಯಿಲ್ಲದೆ ಮಲಗಿಸುತ್ತಾರೆ. ರಾಕ್ಸ್ಯಾನ್ ಹೇಳುವುದಿಷ್ಟು: "ನನ್ನ ಮಾತನ್ನ ಒಬ್ರಾದ್ರೂ ನಂಬಿದ್ರಲ್ಲ."

ಬಾಗಿಲು ತೆರೆಯುತ್ತದೆ. ಸರೋವರದ ಚಳಿಗಾಳಿ ತಾಗಿದ್ದಕ್ಕೋ ಏನೋ, ಅಮ್ಮನ ಹೆಗಲ ಮೇಲಿರುವ ಜೂನಿಯ ಎಡಗೈ ಜೋತಾಡುತ್ತಿದೆ. ಮಾರ್ಲಿಸ್ ಅವರನ್ನು ಕಂಡವಳೇ ಮುಖ ಸಿಂಡರಿಸುತ್ತಾಳೆ: "ಬಾತುಕೋಳಿ ಬೇಡ!"

"ಬೇಡ ಕಣೇ ಚಿನ್ನ, ಈಗ್ಲೇ ಮಲ್ಕೋ," ಎನ್ನುತ್ತಾ ಮಾರ್ಲಿಸ್ ದೀಪ ಆರಿಸುತ್ತಾರೆ. ನಿಮ್ಮ ಆಸೆಯೇನು ಎಂದು ಕೇಳಿದ್ದೆನಲ್ಲ, ಅದಕ್ಕೆ ಉತ್ತರ ಈಗ ಬರುತ್ತದೆ, ಪಿಸುದನಿಯಲ್ಲಿ.

"ಅವತ್ತು ಇವಳನ್ನ ಅಳಿಸ್ದೆ. ಇನ್ನು ಬಂದಾಗಲೆಲ್ಲ ನಾನೇ ಮಲಗ್ಸ್ಬೇಕು, ಅಷ್ಟೇ. ನೀವು ಸ್ವಲ್ಪ ಹೊರಗಿರ್ತೀರಾ?"